ಅಲ್ಪವ್ಯಯದಲ್ಲಿ ಶ್ರೀರಂಗಪಟ್ಟಣ ದರ್ಶನ

ದೇಶಸಂಚಾರವು ವಿದ್ಯೆಯ ಒಂದು ಅಂಗವೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಅದು ಹಣವುಳ್ಳವರಿಗೆ ಮಾತ್ರ ಸಲ್ಲತಕ್ಕ ಅಂಗವೆಂದು ಅನೇಕರು ತಮ್ಮೊಳಗೆ ನಿಶ್ಚಯಿಸಿಕೊಂಡಿರುವರು. ತರಗತಿಯಲ್ಲಿ ಪ್ರವಾಸದ ಮಾತು ಬಂದೊಡನೆ ಕೆಲವು ಬಾಲಿಕೆಯರು ಉತ್ಸಾಹದಿಂದ ಹೆಸರು ಕೊಡುವರು. ಮತ್ತೆ ಕೆಲವರು ‘ಆ ದಿನ ಮನೆಯಲ್ಲಿ ಕೆಲಸವಿದೆ’ ಎಂದು ಹೇಳಿ ತಲೆ ತಗ್ಗಿಸುವರು. ಆ ಕೆಲಸವು ಯಾವುದೆಂದು ಕೇಳುವ ಅಗತ್ಯವಿಲ್ಲ. ಕೊಬ್ಬರಿಯ ಧಾರಣೆ ಇಳಿದ ವರ್ಷಗಳಲ್ಲಿ ಅಂಥ ಕೆಲಸಗಳು ಹೆಚ್ಚುವವೆಂಬುದನ್ನು ನಮ್ಮ ಸೀಮೆಯ ಉಪಾಧ್ಯಾಯಿನಿಯರೆಲ್ಲರೂ ಬಲ್ಲರು.

ಈ ಲೇಖನದಲ್ಲಿ ನಾವು ನಿರೂಪಿಸಬೇಕೆಂದಿರುವ ವಿಷಯವು ಇಷ್ಟೇ: ಐತಿಹಾಸಿಕ ಸ್ಥಳವೊಂದನ್ನು ನೋಡುವುದರಲ್ಲಿ ಹಣದಿಂದ ದೊರೆಯುವ ಭಾಗವು ಸ್ವಲ್ಪ, ಸಿದ್ಧತೆಯಿಂದಲೂ ನಡಿಗೆಯಿಂದಲೂ ದೊರೆಯುವ ಭಾಗವೇ ಹೆಚ್ಚು. ಆದಕಾರಣ ಖರ್ಚಿನ ಭಯದಿಂದ ಯಾವ ಬಾಲಿಕೆಯೂ ಮನೆಯಲ್ಲಿ ಉಳಿಯಬೇಕಾಗಿಲ್ಲ. ಇದಕ್ಕೆ ದೃಷ್ಟಾಂತವಾಗಿ ಮಾಯಸಂದ್ರದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡಿದ್ದೇವೆ. ಮಾತೆಯರೂ ನಮ್ಮ ಹಿರಿಯ ವಿದ್ಯಾರ್ಥಿನಿಯರೂ ಇದನ್ನು ಓದಿ, ತಮ್ಮ ಮನೆಯ ಹೆಣ್ಣುಮಕ್ಕಳೊಡನೆ ಇಂಥ ಒಂದು ದಿನವನ್ನು ಕಳೆಯುವಂತಾದರೆ ನಮ್ಮ ಶ್ರಮವು ಸಾರ್ಥಕವಾಗುವುದು.

ಸ್ಥಳದ ಪರಿಚಯ

ಶ್ರೀರಂಗಪಟ್ಟಣವು ಕಾವೇರಿಯ ಎರಡು ಶಾಖೆಗಳ ನಡುವೆ ಇರುವ ದ್ವೀಪ. ಇದರ ಉದ್ದವು ಪಶ್ಚಿಮದಿಂದ ಪೂರ್ವಕ್ಕೆ ಸುಮಾರು ೩ ಮೈಲಿ, ಅಗಲವು ಸುಮಾರು ೧ ಮೈಲಿ. ಪಶ್ಚಿಮದ ತುದಿಯಲ್ಲಿ ಕೋಟೆಯೂ, ಪೂರ್ವಭಾಗದಲ್ಲಿ ಗಂಜಾಮ್ ಎಂಬ ಪೇಟೆಯೂ, ಅದರಾಚೆ ನದಿಯ ಶಾಖೆಗಳು ಮತ್ತೆ ಕೂಡುವ ಸಂಗಮವೂ ಇವೆ. ೧೬೧೦ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಪಟ್ಟಣವನ್ನು ವಶಪಡಿಸಿಕೊಂಡರು. ಮೈಸೂರು ಸಂಸ್ಥಾನದ ದಸರಾ ಮಹೋತ್ಸವವು ಆರಂಭವಾದುದು ಅದೇ ವರ್ಷ, ಇದೇ ಊರಿನಲ್ಲಿ. ಅಂದಿನಿಂದ ೧೭೯೯ರವರೆಗೆ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯೂ ಸೇರಿ, ಇದು ರಾಜಧಾನಿಯಾಗಿತ್ತು. ಈ ದ್ವೀಪಪಟ್ಟಣದ ಸ್ಮಾರಕಗಳು ೨೦೧೪ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು.

ವಿಸ್ತಾರವು ಇಷ್ಟು ಮಿತವಾಗಿರುವುದೇ ಅಲ್ಪವ್ಯಯದ ಯಾತ್ರಿಕರಿಗೆ ಮೊದಲನೆಯ ಅನುಕೂಲ. ಮುನ್ನೂರು ವರ್ಷಗಳ ಚರಿತ್ರೆಯನ್ನು ಒಂದು ಹಗಲಿನಲ್ಲಿ ಕಾಲ್ನಡಿಗೆಯಿಂದ ಸುತ್ತಬಹುದಾದ ಊರುಗಳು ನಮ್ಮ ನಾಡಿನಲ್ಲಿ ಹೆಚ್ಚಾಗಿಲ್ಲ.

ಖರ್ಚಿನ ವಿಚಾರ

ಇಂಥ ಯಾತ್ರೆಯ ಖರ್ಚನ್ನು ನಾಲ್ಕು ಬಾಬುಗಳಾಗಿ ವಿಂಗಡಿಸಬಹುದು: ಪ್ರಯಾಣ, ಆಹಾರ, ಪ್ರವೇಶಶುಲ್ಕ, ಮತ್ತು ಆಟದ ಸಾಮಾನು, ಚಿತ್ರಪಟ ಮೊದಲಾದ ಕೊಳ್ಳುವಿಕೆ.

ಮೊದಲನೆಯದು ಪ್ರಯಾಣ. ಮಾಯಸಂದ್ರದಿಂದ ದಕ್ಷಿಣಕ್ಕೆ ನಾಗಮಂಗಲ, ಪಾಂಡವಪುರಗಳ ಮಾರ್ಗವಾಗಿ ಹೋಗುವ ರಸ್ತೆಯು ಶ್ರೀರಂಗಪಟ್ಟಣವನ್ನು ಸೇರುತ್ತದೆ. ನೇರವಾದ ಬಸ್ಸು ದೊರೆತರೆ ಲೇಸು. ಇಲ್ಲವಾದರೆ ನಾಗಮಂಗಲದಲ್ಲಿ ಇಳಿದು ಬದಲಾಯಿಸಬಹುದು. ತಿಪಟೂರಿನ ರೈಲುಮಾರ್ಗವು ಬೇರೆ ದಿಕ್ಕಿನದಾದುದರಿಂದ ರೈಲಿನಲ್ಲಿ ಹೋಗಬೇಕೆಂದರೆ ದೊಡ್ಡ ಸುತ್ತಾಗುವುದು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯ ಪ್ರಕಾರ ಕರ್ನಾಟಕದ ನಿವಾಸಿಗಳಾದ ಹೆಂಗಸರೂ ಬಾಲಿಕೆಯರೂ ರಾಜ್ಯದ ಒಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣ ಮಾಡಬಹುದು. ಗುರುತಿನ ಚೀಟಿಯನ್ನು ಮರೆಯಬಾರದು. ಐಷಾರಾಮಿ ಬಸ್ಸುಗಳಿಗೆ ಈ ಸೌಕರ್ಯವು ಸಲ್ಲದು. ಆದಕಾರಣ ಶಾಲೆಯವರು ದೊಡ್ಡ ಗುಂಪಿಗೆ ಬಾಡಿಗೆಯ ವಾಹನವನ್ನು ಗೊತ್ತುಮಾಡುವುದಕ್ಕಿಂತ ಹತ್ತು ಹನ್ನೆರಡು ಮಂದಿಯ ಸಣ್ಣ ತಂಡಗಳನ್ನು ರಜೆಯಲ್ಲದ ದಿನಗಳಲ್ಲಿ ಸಾರ್ವಜನಿಕ ಬಸ್ಸಿನಲ್ಲಿ ಕರೆದೊಯ್ಯುವುದು ಲೇಸು. ಪ್ರವಾಸದ ಅತಿ ದೊಡ್ಡ ಬಾಬು ಹೀಗೆ ಶೂನ್ಯಕ್ಕೆ ಇಳಿಯುವುದು.

ಎರಡನೆಯದು ಆಹಾರ. ಬುತ್ತಿಯನ್ನು ಮನೆಯಿಂದ ಒಯ್ಯುವುದು ನಮ್ಮ ಹಿರಿಯರ ಪದ್ಧತಿ. ಅವಲಕ್ಕಿ, ಚಿತ್ರಾನ್ನ, ಬೆಲ್ಲ, ನಮ್ಮ ತೋಟದ ಕೊಬ್ಬರಿ, ಕುಡಿಯುವ ನೀರು ಇವು ಸಾಕು. ಎಲ್ಲರ ಬುತ್ತಿಯನ್ನೂ ಒಂದೆಡೆ ಬಿಚ್ಚಿ ಹಂಚಿಕೊಂಡು ಉಣ್ಣುವುದಾದರೆ ಯಾರ ಮನೆಯದು ಯಾವುದೆಂಬ ಭೇದವೂ ಉಳಿಯದು.

ಮೂರನೆಯದು ಪ್ರವೇಶಶುಲ್ಕ. ಕೋಟೆಯ ಗೋಡೆ, ಕಂದಕ, ಬಂದೀಖಾನೆ, ಬಾಗಿಲುಗಳು, ನದೀತೀರ ಇವುಗಳನ್ನು ನೋಡುವುದಕ್ಕೆ ಶುಲ್ಕವಿಲ್ಲ. ದರಿಯಾ ದೌಲತ್ ಬಾಗಿನಲ್ಲಿ ಪುರಾತತ್ತ್ವ ಇಲಾಖೆಯವರು ಚೀಟಿ ಕೊಡುವರು. ಅಲ್ಲಿಯೂ ೧೫ ವರ್ಷದವರೆಗಿನ ಮಕ್ಕಳಿಗೆ ಶುಲ್ಕವಿಲ್ಲ. ನಾಲ್ಕನೆಯ ಬಾಬಿನ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ: ಒಂದು ದಪ್ಪ ನೋಟುಪುಸ್ತಕವನ್ನೂ ಎರಡು ಸೀಸದ ಕಡ್ಡಿಗಳನ್ನೂ ಮುಂಚಿತವಾಗಿ ಕೊಂಡರೆ ಅಲ್ಲಿ ಕೊಳ್ಳಬೇಕಾದುದೇನೂ ಇರದು.

ಇಷ್ಟಾದರೂ ಚಿಲ್ಲರೆ ಖರ್ಚು ಇದ್ದೇ ಇರುವುದು. ಅದಕ್ಕಾಗಿ ಒಂದು ಸಾಮಾನ್ಯ ಹಣದ ಚೀಲವನ್ನು ಇಟ್ಟು, ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದಂತೆ ನಡೆಸುವುದು ಉಚಿತ.

ಹೊರಡುವ ಮುನ್ನ

ಅಲ್ಪವ್ಯಯದ ಯಾತ್ರೆಯು ಸಿದ್ಧತೆಯಿಲ್ಲದೆ ಹೊರಟರೆ ಬರಿಯ ದಣಿವಾಗುವುದು. ಒಂದು ವಾರ ಮುಂಚಿತವಾಗಿ ದ್ವೀಪದ ನಕ್ಷೆಯನ್ನು ಹಲಗೆಯ ಮೇಲೆ ಬರೆದು, ನದಿಯ ಎರಡು ಶಾಖೆಗಳನ್ನು ಗುರುತಿಸಿ, ಮೂರು ವರ್ಷಗಳನ್ನು ಕಂಠಸ್ಥ ಮಾಡಿಸಬೇಕು: ೧೬೧೦, ೧೭೯೨, ೧೭೯೯. ಒಡೆಯರು ಬಂದದ್ದು, ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ ಕರಾರು, ಅವನು ಹತನಾಗಿ ರಾಜಧಾನಿ ಬಿದ್ದದ್ದು ಎಂಬ ಮೂರು ಸಂಗತಿಗಳ ಸುತ್ತ ಉಳಿದುದೆಲ್ಲವೂ ತಾನಾಗಿ ಕೂಡಿಕೊಳ್ಳುವುದು.

ದಾರಿಯೂ ಪಾಠಕ್ಕೆ ಹೊರತಲ್ಲ. ನಾಗಮಂಗಲದಲ್ಲಿ ಹೊಯ್ಸಳರ ಕಾಲದ ಸೌಮ್ಯಕೇಶವನ ಗುಡಿಯಿದೆ. ಪಾಂಡವಪುರಕ್ಕೆ ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದುದೇ ಅದಕ್ಕೆ ಕಾರಣ. ಬಸ್ಸಿನ ಕಿಟಕಿಯಿಂದ ಆ ಬಂಡೆಗಳನ್ನು ಕಂಡ ಬಾಲಿಕೆಯು ಮೈಸೂರಿನ ಯುದ್ಧಗಳಲ್ಲಿ ಯೂರೋಪಿನ ಎರಡು ರಾಜ್ಯಗಳ ಹಗೆಯೂ ಬೆರೆತಿತ್ತೆಂಬುದನ್ನು ಎಂದಿಗೂ ಮರೆಯಳು.

ಮೊದಲನೆಯ ಪಾಠ: ನದಿ

ಬಸ್ಸಿನಿಂದ ಇಳಿದ ಕೂಡಲೇ ಕಟ್ಟಡಗಳ ಕಡೆಗೆ ಓಡದೆ ನದಿಯ ಕಡೆಗೆ ನಡೆಯಬೇಕೆಂಬುದು ನಮ್ಮ ಸಲಹೆ. ಏತಕ್ಕೆಂದರೆ, ಈ ಊರಿನ ಮೊದಲನೆಯ ಕೋಟೆಯು ಕಲ್ಲಿನದಲ್ಲ, ನೀರಿನದು. ಮಳೆಗಾಲದಲ್ಲಿ ತುಂಬಿ ಹರಿಯುವ ಕಾವೇರಿಯನ್ನು ದಾಟುವುದು ಯಾವ ಸೈನ್ಯಕ್ಕೂ ಸುಲಭವಲ್ಲ. ಬೇಸಗೆಯಲ್ಲಾದರೋ ಬಂಡೆಗಳ ನಡುವೆ ಕಾಲಿಟ್ಟು ದಾಟಬಹುದು. ಆದುದರಿಂದ ಇಲ್ಲಿನ ಯುದ್ಧಗಳ ತಾರೀಖುಗಳನ್ನು ಪಂಚಾಂಗದೊಡನೆ ಓದಬೇಕು.

೧೭೯೧ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಇಲ್ಲಿಯ ತನಕ ಬಂದು, ಅರಕೆರೆಯ ಬಳಿ ಕಾದಾಡಿದನು. ಆದರೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ಆಹಾರವು ಮುಗಿಯಿತು. ಅವನು ತನ್ನ ಭಾರವಾದ ಫಿರಂಗಿಗಳನ್ನು ತಾನೇ ಒಡೆಯಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಅವನು ಫೆಬ್ರವರಿಯಲ್ಲಿಯೇ ಬಂದನು. ಆ ಸಲ ದ್ವೀಪದ ಪೂರ್ವಭಾಗವು ಅವನ ವಶವಾಯಿತು; ಮಾರ್ಚಿಯಲ್ಲಿ ಕರಾರಾಗಿ, ಟಿಪ್ಪು ಅರ್ಧ ರಾಜ್ಯವನ್ನೂ ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ೧೭೯೯ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಏಪ್ರಿಲಿನಲ್ಲಿ ಮುತ್ತಿಗೆ ಹಾಕಿತು. ಅವರ ಅಕ್ಕಿಯೂ ಮುಗಿಯುತ್ತ ಬಂದಿತ್ತು. ಇನ್ನು ಒಂದು ತಿಂಗಳು ಕಳೆದಿದ್ದರೆ ಮುಂಗಾರಿನ ಪ್ರವಾಹವು ಬರುತ್ತಿದ್ದಿತು. ಮೇ ೪ರ ಮಧ್ಯಾಹ್ನ, ನೀರು ಇಳಿದಿದ್ದಾಗ, ಅವರು ನದಿಯನ್ನು ದಾಟಿ ಗೋಡೆಯ ಒಡಕಿನಿಂದ ಒಳನುಗ್ಗಿದರು. ಕೋಟೆಯನ್ನು ಕಾಯುತ್ತಿದ್ದ ನದಿಯೇ ಅಂದು ದಾರಿಯಾಯಿತು.

ತೀರದಲ್ಲಿ ನಿಂತು ಇದನ್ನು ಹೇಳಿದರೆ ಬಾಲಿಕೆಯರಿಗೆ ಬೇರೆ ವಿವರಣೆ ಬೇಕಾಗದು. ಈಗ ಕಾಣುವ ನದಿಯು ಅಂದಿನದಲ್ಲವೆಂಬುದನ್ನು ಮಾತ್ರ ಸೇರಿಸಬೇಕು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಮೇಲ್ಗಡೆಯಲ್ಲಿ ಎದ್ದ ಮೇಲೆ ಇಲ್ಲಿನ ನೀರಿನ ಏರಿಳಿತವು ಮನುಷ್ಯನ ಕೈಗೆ ಬಂದಿದೆ.

ಈ ನೀರಿಗೂ ನಮ್ಮ ಸೀಮೆಗೂ ಸಂಬಂಧವಿದೆ. ಕಾವೇರಿಯನ್ನು ಕೃಷ್ಣರಾಜಸಾಗರದಲ್ಲಿ ಕೂಡುವ ಹೇಮಾವತಿಗೆ ಗೊರೂರಿನ ಬಳಿ ಅಣೆಕಟ್ಟು ಕಟ್ಟಿ, ಅಲ್ಲಿಂದ ತೆಗೆದ ನಾಲೆಯ ನೀರು ತುಮಕೂರು ಜಿಲ್ಲೆಯ ಕೆರೆಗಳಿಗೆ ಬರುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬುವ ಶಿಂಷಾ ನದಿಯಾದರೋ ಮುಂದೆ ಹರಿದು ಕಾವೇರಿಯನ್ನೇ ಸೇರುತ್ತದೆ. ಹೀಗೆ ಶ್ರೀರಂಗಪಟ್ಟಣದ ತೀರದಲ್ಲಿ ನಿಂತ ತುರುವೇಕೆರೆ ತಾಲ್ಲೂಕಿನ ಬಾಲಿಕೆಯು ಪರಸ್ಥಳದವಳಲ್ಲ. ಅವಳ ತಂದೆಯ ತೆಂಗಿನ ಮರಗಳ ಬೇರಿಗೆ ಈ ನದಿಯ ಬಳಗದ ನೀರೇ ಆಧಾರ.

ಎರಡನೆಯ ಪಾಠ: ಕೋಟೆಯ ಒಳಗೆ

ಮಧ್ಯಾಹ್ನದಲ್ಲಿ ದೇಗುಲದ ಬಾಗಿಲು ಹಾಕುವ ವಾಡಿಕೆಯಿರುವುದರಿಂದ ರಂಗನಾಥಸ್ವಾಮಿಯ ಗುಡಿಯನ್ನು ಬೆಳಿಗ್ಗೆಯೇ ನೋಡತಕ್ಕದ್ದು. ಹಲವು ರಾಜವಂಶಗಳ ಕೆಲಸವು ಒಂದರ ಮೇಲೊಂದು ಕೂಡಿರುವ ಕಟ್ಟಡವಿದು. ಕಾವೇರಿಯ ಮೂರು ರಂಗಕ್ಷೇತ್ರಗಳಲ್ಲಿ ಇದು ಆದಿರಂಗ. ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ. ಗುಡಿಗೆ ಸ್ವಲ್ಪ ದೂರದಲ್ಲಿ ಟಿಪ್ಪುವಿನ ಕಾಲದ ಜುಮ್ಮಾ ಮಸೀದಿಯ ಎರಡು ಮಿನಾರುಗಳು ಕಾಣುತ್ತವೆ. ಟಿಪ್ಪು ಬಿದ್ದ ಸ್ಥಳವೆಂದು ಗುರುತಿಸಿರುವ ಕಲ್ಲು, ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆ, ಮದ್ದುಗುಂಡಿನ ಉಗ್ರಾಣ ಇವೆಲ್ಲವೂ ನಡಿಗೆಯ ದೂರದಲ್ಲಿವೆ. ಉಗ್ರಾಣಗಳಲ್ಲಿ ಒಂದನ್ನು ಜೋಡಿ ರೈಲುಹಳಿಗೆ ದಾರಿ ಬಿಡುವ ಸಲುವಾಗಿ ೨೦೧೭ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಸರಿಸಿದರು. ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಮಾಡಬಹುದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಇವುಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದು ಎಳೆಯಲ್ಲಿ ಪೋಣಿಸಬೇಕು. ಕೋಟೆಯ ಪೂರ್ವಕ್ಕೆ ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ತೇಗದ ಮರದ ಅರಮನೆಯಿದೆ. ಅದರ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸೋತ ಕರ್ನಲ್ ಬೇಲಿಯು ಅದರಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿರುವನು. ಅವನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದು ೧೭೮೨ರಲ್ಲಿ ಮೃತನಾದನು. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ ಎಂಬ ಅಧಿಕಾರಿಯು ೧೭೮೪ರಲ್ಲಿ ಬಿಡುಗಡೆ ಹೊಂದಿ, ೧೭೯೯ರ ಮೇ ೪ರಂದು ಕೋಟೆಯನ್ನು ನುಗ್ಗಿದ ದಂಡಿನ ಮುಂದಾಳಾಗಿ ಮರಳಿ ಬಂದನು. ಗೋಡೆಯ ಚಿತ್ರ, ಬಂದೀಖಾನೆ, ಒಡಕು ಈ ಮೂರು ಸ್ಥಳಗಳು ಹೀಗೆ ಒಂದೇ ಕಥೆಯ ಮೂರು ಅಧ್ಯಾಯಗಳಾಗುವವು.

ದರಿಯಾ ದೌಲತಿನಿಂದ ಗಂಜಾಮಿನ ಮೂಲಕ ಗುಂಬಜಿಗೆ ನಡೆಯಬಹುದು. ದಣಿದವರು ಆಟೋರಿಕ್ಷಾವನ್ನು ಹಂಚಿಕೊಳ್ಳಬಹುದು. ಅಲ್ಲಿ ಹೈದರನೂ, ಅವನ ಪತ್ನಿ ಫಕ್ರುನ್ನೀಸಳೂ, ಅವರ ಮಗನಾದ ಟಿಪ್ಪುವೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ.

ಮೂರನೆಯ ಪಾಠ: ಈ ಊರಿನ ಸ್ತ್ರೀಯರು

ಫಿರಂಗಿ ಕತ್ತಿಗಳ ಕಥೆಯಲ್ಲಿ ಸ್ತ್ರೀಯರು ಮರೆಯಾಗುವರು. ನಮ್ಮ ಬಾಲಿಕೆಯರು ಇಲ್ಲಿ ಇಬ್ಬರನ್ನಾದರೂ ನೆನೆಯಬೇಕು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (೧೬೭೩–೧೭೦೪) ಅರಮನೆಯಲ್ಲಿ ಎಲೆಅಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮಳು ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ಸತಿಧರ್ಮವನ್ನು ಹೇಳಹೊರಟ ಆ ಕೃತಿಯಲ್ಲಿಯೇ ಹೆಣ್ಣುಮಗುವನ್ನು ಕೀಳೆಂದು ಕಾಣುವವರನ್ನು ಅವಳು ಅಂಜದೆ ಆಕ್ಷೇಪಿಸಿರುವಳು. ಊಳಿಗದವಳಿಗೆ ವಿದ್ಯೆ ದೊರೆತರೆ ಏನಾಗುವುದೆಂಬುದಕ್ಕೆ ಅವಳಿಗಿಂತ ಹೆಚ್ಚಿನ ನಿದರ್ಶನ ಬೇಕೆ?

ಎರಡನೆಯವರು ರಾಣಿ ಲಕ್ಷ್ಮಮ್ಮಣ್ಣಿಯವರು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆಯಾದ ಇವರು ಅನೇಕ ವರ್ಷಗಳ ಕಾಲ ಸ್ವಾತಂತ್ರ್ಯವಿಲ್ಲದೆ ಬಾಳಿ, ಗುಟ್ಟಾಗಿ ಮದರಾಸಿನ ಇಂಗ್ಲಿಷರೊಡನೆ ಸಂಧಾನ ನಡೆಸಿದರು. ೧೭೯೯ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾದಾಗ ಅವರ ಎಣಿಕೆಯು ಕೈಗೂಡಿತು. ಅವರು ಆರಿಸಿಕೊಂಡ ಮಾರ್ಗವು ಸರಿಯೋ ತಪ್ಪೋ ಎಂಬುದನ್ನು ಬಾಲಿಕೆಯರು ಮರದ ನೆರಳಿನಲ್ಲಿ ಕುಳಿತು ಚರ್ಚಿಸಲಿ. ಅಂಥ ಚರ್ಚೆಗೆ ಯಾವ ಶುಲ್ಕವೂ ಇಲ್ಲ.

ನ್ಯಾಯದೃಷ್ಟಿ

ಈ ಊರಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಕಥೆಯನ್ನು ಹೇಳುವರು. ೧೭೮೪ರಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರು ಸಹಸ್ರಾರು ಮಂದಿ ಸೆರೆಯಾಗಿ ಇಲ್ಲಿಗೆ ಒಯ್ಯಲ್ಪಟ್ಟರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಅದೇ ದೊರೆಯು ರಂಗನಾಥನ ಗುಡಿಗೆ ಬೆಳ್ಳಿಯ ಪಾತ್ರೆಗಳನ್ನು ಕಾಣಿಕೆಯಾಗಿ ಕೊಟ್ಟನು. ಎರಡೂ ನಿಜ. ಒಂದನ್ನು ಹೇಳಿ ಮತ್ತೊಂದನ್ನು ಅಡಗಿಸುವುದು ಸತ್ಯಕ್ಕೆ ಸಲ್ಲದು. ೧೭೯೯ರ ತರುವಾಯ ಚದುರಿಹೋಗಿದ್ದ ಕ್ರೈಸ್ತ ಸಮಾಜವನ್ನು ಮತ್ತೆ ಕೂಡಿಸಲು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯು ಇಲ್ಲಿಗೆ ಬಂದನು. ಅವನು ಹಗೆಯನ್ನು ಹೆಚ್ಚಿಸುವ ಕೆಲಸಕ್ಕೆ ತೊಡಗದೆ, ಸಿಡುಬಿಗೆ ದೇವಿ ಹಾಕುವ ಕಾರ್ಯವನ್ನು ಈ ಸೀಮೆಯಲ್ಲಿ ಹರಡಲು ದುಡಿದನು. ನಮ್ಮ ಶಾಲೆಯಂಥ ಶಾಲೆಗಳಿಗೆ ಇದರಲ್ಲಿ ಒಂದು ಬುದ್ಧಿವಾದವಿದೆ: ಗಾಯದ ನೆನಪನ್ನು ಮರೆಯಬೇಕಾಗಿಲ್ಲ, ಆದರೆ ಅದನ್ನು ಇಟ್ಟುಕೊಂಡು ಯಾರಿಗೆ ಉಪಕಾರ ಮಾಡಬಹುದೆಂದು ಕೇಳಬೇಕು.

ಎಚ್ಚರಿಕೆ

ಹಣವನ್ನು ಉಳಿಸುವಾಗ ಎಚ್ಚರಿಕೆಯನ್ನು ಉಳಿಸಬಾರದು. ಸಂಗಮದಲ್ಲಿಯೂ ಪಶ್ಚಿಮವಾಹಿನಿಯಲ್ಲಿಯೂ ನೀರು ಶಾಂತವಾಗಿ ಕಂಡರೂ ಒಳಗೆ ಸೆಳೆತವುಂಟು, ಬಂಡೆಗಳು ಜಾರುವವು, ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ ಪ್ರವಾಹವು ಬೇಗನೆ ಏರುವುದು. ಕೆರೆಯ ನೀರಿನಲ್ಲಿ ಮಾತ್ರ ಇಳಿದು ಬಲ್ಲ ನಮ್ಮ ಸೀಮೆಯ ಮಕ್ಕಳಿಗೆ ಹರಿಯುವ ನೀರಿನ ಬಲವು ತಿಳಿಯದು. ಆದುದರಿಂದ ಯಾರೂ ಸ್ನಾನಕ್ಕೆ ಇಳಿಯಕೂಡದೆಂಬ ಕಟ್ಟಪ್ಪಣೆಯನ್ನು ಹೊರಡುವ ಮುನ್ನವೇ ಮಾಡಬೇಕು. ಕತ್ತಲಾಗುವ ಮುಂಚೆ ಮನೆ ಸೇರುವಂತೆ ಹಿಂದಿರುಗುವ ಬಸ್ಸಿನ ವೇಳೆಯನ್ನು ಬೆಳಿಗ್ಗೆಯೇ ವಿಚಾರಿಸಿಕೊಳ್ಳುವುದು ಅವಶ್ಯ. ಹೆಣ್ಣುಮಕ್ಕಳನ್ನು ಕಳುಹಿಸಲು ತಾಯಿತಂದೆಗಳು ಹಿಂಜರಿಯುವುದು ಖರ್ಚಿಗಿಂತಲೂ ಈ ಕಾರಣಕ್ಕಾಗಿಯೇ. ಅವರ ವಿಶ್ವಾಸವನ್ನು ಒಂದು ಸಲ ಗಳಿಸಿದರೆ ಮುಂದಿನ ಯಾತ್ರೆಯೂ ಸುಲಭವಾಗುವುದು.

ನೋಟುಪುಸ್ತಕಕ್ಕೆ ಐದು ಪ್ರಶ್ನೆಗಳು

೧. ಕೋಟೆಯ ಯಾವ ಬದಿಯನ್ನು ನದಿಯು ಕಾಯುತ್ತದೆ? ಯಾವ ಬದಿಗೆ ಕಂದಕವು ಬೇಕಾಯಿತು?
೨. ೧೭೯೧ರಲ್ಲಿ ಸೋತ ಯತ್ನವು ೧೭೯೯ರಲ್ಲಿ ಗೆದ್ದುದಕ್ಕೆ ನೀರೂ ಧಾನ್ಯವೂ ಹೇಗೆ ಕಾರಣವಾದವು?
೩. ದರಿಯಾ ದೌಲತಿನ ಗೋಡೆಯ ಚಿತ್ರವು ಯಾರ ಕಣ್ಣಿನಿಂದ ಯುದ್ಧವನ್ನು ತೋರಿಸುತ್ತದೆ?
೪. ಇಂದು ಕಂಡ ಯಾವ ಕಲ್ಲಿನ ಮೇಲೆ ಎರಡು ಕಾಲಗಳ ಕೆಲಸವು ಕಾಣಿಸಿತು?
೫. ನಮ್ಮ ಊರಿನ ಕೆರೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?

ಇವುಗಳಿಗೆ ಉತ್ತರವನ್ನು ಮನೆಗೆ ಬಂದ ಮೇಲೆ ತಾಯಿತಂದೆಗಳ ಮುಂದೆ ಓದಿ ಹೇಳಬೇಕು. ಆಗ ಹೋಗಲಾರದ ಅಜ್ಜಿಗೂ ಯಾತ್ರೆಯ ಫಲವು ದೊರೆಯುವುದು.

ನಮ್ಮ ಹಿರಿಯ ವಿದ್ಯಾರ್ಥಿನಿಯರಲ್ಲಿ ಕೊನೆಯದಾಗಿ ಒಂದು ಪ್ರಾರ್ಥನೆ. ಶಾಲೆಗೆ ಕಾಣಿಕೆಯನ್ನು ಕೊಡಬೇಕೆಂದು ಬಯಸುವವರು ಹಣವನ್ನೇ ಕೊಡಬೇಕೆಂದಿಲ್ಲ. ವರ್ಷಕ್ಕೆ ಒಂದು ದಿನ ಹತ್ತು ಬಾಲಿಕೆಯರಿಗೆ ಜೊತೆಯಾಗಿ ಬರುವುದು, ಒಂದು ಬುತ್ತಿಯನ್ನು ಹೆಚ್ಚಾಗಿ ಕಟ್ಟಿ ತರುವುದು, ‘ಮನೆಯಲ್ಲಿ ಕೆಲಸವಿದೆ’ ಎಂದವಳ ಮನೆಗೆ ಹೋಗಿ ಅವಳ ತಾಯಿಯೊಡನೆ ಮಾತನಾಡುವುದು, ಇವೂ ಕಾಣಿಕೆಗಳೇ. ಇಂಥ ಕಾಣಿಕೆಯನ್ನು ಕೊಡಬಲ್ಲವರು ಪ್ರತಿ ಗ್ರಾಮದಲ್ಲಿಯೂ ಇದ್ದಾರೆ. ಅವರು ಮುಂದೆ ಬರಲೆಂದು ಹಾರೈಸುತ್ತೇವೆ.